ಜಾಮೀನು ಆಗಿ 71 ದಿನ

"ಮೇಡಂ, ನನಗೆ ಜಾಮೀನು ಆಗಿದೆಯಾ?"

ಗುರುವಾರ ಜೈಲಿಗೆ ಹೋದರೆ ಜಾಸ್ತಿ ಕೇಳಿಬರುವ ಪ್ರಶ್ನೆ ಇದು. ತಮಾಷೆ ಅಂದರೆ, ಕೇಳುವವರಲ್ಲಿ ಕೆಲವರಿಗೆ ಜಾಮೀನು ಆಗಿ ತಿಂಗಳು ಕಳೆದಿರುತ್ತದೆ. ಅವರಿಗೆ ಯಾರೂ ಹೇಳಿರುವುದಿಲ್ಲ.

ನಾನು ಮಲೆನಾಡಿನ ಒಂದು ಜಿಲ್ಲಾ ಕೋರ್ಟಿನಲ್ಲಿ ವಕೀಲೆ. ಉಚಿತವಾಗಿ ವಕೀಲರನ್ನು ಒದಗಿಸುವ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್‌ನಲ್ಲಿದ್ದೇನೆ. ವಾರಕ್ಕೊಂದು ದಿನ ಜೈಲಿನ ಲೀಗಲ್ ಏಡ್ ಕ್ಲಿನಿಕ್‌ನಲ್ಲಿ ಕೂರುತ್ತೇನೆ. ಕ್ಲಿನಿಕ್ ಅಂದರೆ ದೊಡ್ಡದೇನಲ್ಲ. ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ರಿಜಿಸ್ಟರ್. ಜೊತೆಗೆ ಪ್ಯಾರಾ ಲೀಗಲ್ ವಾಲಂಟಿಯರ್, ಅಂದರೆ ಕಾನೂನು ನೆರವಿನ ಸ್ವಯಂಸೇವಕ, ಆಗಿ ಬರುವ ನಿವೃತ್ತ ಮೇಷ್ಟ್ರೊಬ್ಬರು.

ಮೊದಲೆಲ್ಲ ನಾನು ವಕಾಲತ್ತು ಹಾಕಿ, ವಾದ ಮಾಡಿ, ಜಾಮೀನು ಆದೇಶ ತಗೊಂಡರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಫೈಲು ಕಟ್ಟಿ ಇಡುತ್ತಿದ್ದೆ. ಒಂದು ಗುರುವಾರ ಮೇಷ್ಟ್ರು ಕೇಳಿದರು: "ಅಲ್ಲಮ್ಮಾ, ಮೆಣಸಿನ ಕೇಸಿನ ಹುಡುಗನಿಗೆ ಆಗಲೇ ಜಾಮೀನು ಮಾಡಿಸಿದೆ ಅಂದಿರಲ್ಲ. ಅವನು ಅಲ್ಲೇ ತಟ್ಟೆ ಹಿಡ್ಕೊಂಡು ಸಾಲಲ್ಲಿ ನಿಂತಿದಾನೆ."

ಹೋಗಿ ನೋಡಿದರೆ ಹೌದು. ಜಾಮೀನು ಆಗಿ ಆವತ್ತಿಗೆ 44 ದಿನ.

ಹುಡುಗ ಅಸ್ಸಾಮಿನವನು. ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲು ಮನೆಯಲ್ಲಿದ್ದ. ಕಾಳುಮೆಣಸು ಕೊಯ್ಲಿನ ಹೊತ್ತಲ್ಲಿ ಒಣಗಲು ಹಾಕಿದ್ದ ಕಣದಿಂದ ಎರಡು ಚೀಲ ಕಾಣೆಯಾಯಿತು. ದೂರು ಇವನ ಮೇಲೆ ಬಂತು. ಕೋರ್ಟು ಜಾಮೀನು ಕೊಟ್ಟಿತು. ಷರತ್ತು ಏನು? 50,000 ರೂಪಾಯಿ ಬಾಂಡ್, ಅಷ್ಟೇ ಮೊತ್ತಕ್ಕೆ ಇಬ್ಬರು ಸ್ಥಳೀಯ ಜಾಮೀನುದಾರರು.

ಜಾಮೀನುದಾರ ಅಂದರೆ ನಮ್ಮ ಕಡೆ ಹೆಸರಿಗೊಂದು ಪಹಣಿ ಇರುವವನು. ಲೈನ್ ಮನೆಯಲ್ಲಿ ಯಾರ ಹೆಸರಿಗೆ ಪಹಣಿ ಇರುತ್ತದೆ? ಪಹಣಿ ಇರುವುದು ಸಾವ್ಕಾರ್ರ ಹತ್ತಿರ. ಕಳುವಾಗಿದ್ದು ಅವರದೇ ಮೆಣಸು. ಅವರು ಬಂದು ಸಹಿ ಹಾಕ್ತಾರಾ?

ಕೋರ್ಟಿನ ಸುತ್ತ ಬಾಡಿಗೆ ಜಾಮೀನುದಾರರು ಸಿಗುತ್ತಾರೆ, ಅದು ಎಲ್ಲರಿಗೂ ಗೊತ್ತಿರುವ ಗುಟ್ಟು. ನಾನು ಆ ದಾರಿಗೆ ಹೋಗುವುದಿಲ್ಲ. ಎಷ್ಟು ಜನರಿಗೆ ಜಾಮೀನು ನಿಂತಿದ್ದೇನೆ ಅಂತ ಜಾಮೀನುದಾರ ಕೋರ್ಟಿಗೆ ಬರೆದುಕೊಡಬೇಕು. ಪಹಣಿ ಖೋಟಾ ಅಂತ ಆದರೆ ಆರೋಪಿ ತಿರುಗಿ ಒಳಗೆ, ಮೇಲೊಂದು ಹೊಸ ತಲೆನೋವು.

ಅವತ್ತೇ ರಿಜಿಸ್ಟರಿನಲ್ಲಿ ಇನ್ನೊಂದು ಕಾಲಂ ಗೀಚಿದೆ: ಜಾಮೀನು ಆದ ತಾರೀಕು. ಮೇಷ್ಟ್ರು ಪಕ್ಕದಲ್ಲಿ ಮತ್ತೊಂದು ಗೀಚಿದರು: ಗೇಟು ದಾಟಿದ ತಾರೀಕು. ಎರಡನೆಯ ಕಾಲಂ ಖಾಲಿ ಇದ್ದವರನ್ನು ಕರೆದು ಕೂರಿಸಿಕೊಳ್ಳುವುದೇ ಆಮೇಲೆ ನಮ್ಮ ಕೆಲಸವಾಯಿತು.

ಇದಕ್ಕೆ ಬಲ ಕೊಟ್ಟಿದ್ದು ಸುಪ್ರೀಂ ಕೋರ್ಟಿನ 2023ರ ಜನವರಿಯ ಮಾರ್ಗಸೂಚಿ. ಜಾಮೀನು ಆದೇಶವನ್ನು ಅದೇ ದಿನ ಅಥವಾ ಮರುದಿನ ಜೈಲಿಗೆ ಇ-ಮೇಲ್ ಮಾಡಬೇಕು. 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನ ಸೂಪರಿಂಟೆಂಡೆಂಟ್ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ತಿಂಗಳಾದರೂ ಬಾಂಡ್ ಕೊಡಲು ಆಗದಿದ್ದರೆ ಷರತ್ತು ಸಡಿಲಿಸಬಹುದಾ ಅಂತ ಕೋರ್ಟೇ ನೋಡಬಹುದು. ಸ್ಥಳೀಯ ಜಾಮೀನುದಾರನೇ ಬೇಕು ಅನ್ನುವ ಷರತ್ತಿನಿಂದ ತಡವಾಗುತ್ತದೆ ಅಂತಲೂ ಅದರಲ್ಲಿದೆ. ಆ ಹಾಳೆಯನ್ನು ರಿಜಿಸ್ಟರಿನ ಒಳಬದಿಗೆ ಅಂಟಿಸಿದ್ದೇನೆ. ಅಂಟಿಸಿದ ಮಾತ್ರಕ್ಕೆ ನಡೆಯುತ್ತದಾ? ಇಲ್ಲ. ಯಾರಾದರೂ ಬೆನ್ನು ಹತ್ತಬೇಕು.

ಬೆನ್ನು ಹತ್ತಲು ಮೊದಲು ಬೇಕಾದದ್ದು ಒಂದು ಫೋನ್ ನಂಬರ್. ಹುಡುಗನಿಗೆ ಒಂದೂ ನೆನಪಿಲ್ಲ, ಅವನ ಅಮ್ಮನದೂ. ಎಲ್ಲ ಇದ್ದದ್ದು ಮೊಬೈಲಿನಲ್ಲಿ, ಮೊಬೈಲು ಮುದ್ದೆಮಾಲು, ಅಂದರೆ ಕೇಸಿನಲ್ಲಿ ಜಪ್ತಿಯಾದ ವಸ್ತು, ಆಗಿ ಪೊಲೀಸರ ವಶದಲ್ಲಿ. ನಮಗಾದರೂ ಎಷ್ಟು ನಂಬರ್ ಬಾಯಿಗೆ ಬರುತ್ತದೆ, ಹೇಳಿ? ಕೊನೆಗೆ ರಿಮ್ಯಾಂಡ್ ಕಾಗದ, ಅಂದರೆ ಬಂಧಿಸಿದವನನ್ನು ಕಸ್ಟಡಿಗೆ ಕಳಿಸುವಾಗ ಕೋರ್ಟಿಗೆ ಕೊಡುವ ಕಾಗದ, ತಿರುವಿ ಹಾಕಿದೆವು. ಬಂಧಿಸಿದಾಗ ಯಾರಿಗಾದರೂ ತಿಳಿಸಲೇಬೇಕು, ಯಾರಿಗೆ ತಿಳಿಸಿದರು ಅಂತ ಬರೆಯಬೇಕು. ಅಲ್ಲಿ ಮೇಸ್ತ್ರಿಯ ನಂಬರ್ ಸಿಕ್ಕಿತು. ಈಗ ಯಾರ ಫೈಲು ಬಂದರೂ ಮೊದಲು ನೋಡುವುದು ಆ ಹಾಳೆಯನ್ನೇ.

ಫೋನ್ ಮಾಡುವಾಗ ಏನು ಹೇಳಬೇಕು ಅನ್ನುವುದನ್ನು ನಾನು ತಪ್ಪು ಮಾಡಿ ಕಲಿತೆ. ಅದಕ್ಕೂ ಮುಂಚೆ ಗ್ಯಾರೇಜಿನ ಹುಡುಗನೊಬ್ಬನ ಮಾಲೀಕರಿಗೆ ಫೋನ್ ಮಾಡಿ, "ಜೈಲಿನಿಂದ ಮಾತಾಡ್ತಿದೀನಿ" ಅಂದುಬಿಟ್ಟಿದ್ದೆ. ಅವನು ಊರಿಗೆ ಹೋಗಿದ್ದಾನೆ ಅಂತ ಮಾಲೀಕರು ನಂಬಿಕೊಂಡಿದ್ದರು. ಹೊರಗೆ ಬಂದಾಗ ಅವನ ಜಾಗದಲ್ಲಿ ಬೇರೆಯವನು ಸ್ಪ್ಯಾನರ್ ಹಿಡಿದಿದ್ದ. ಈಗ ನನ್ನ ಹೆಸರು ಮಾತ್ರ ಹೇಳುತ್ತೇನೆ. ಆ ಕಡೆಯವರಿಗೆ ಎಷ್ಟು ಗೊತ್ತು ಅಂತ ತಿಳಿದ ಮೇಲೆ ಮುಂದಿನ ಮಾತು.

ಷರತ್ತು ಸಡಿಲಿಸಿ ಅಂತ ಅರ್ಜಿ ಹಾಕಿದೆ. ಅವನು ಇನ್ನೂ ಒಳಗಿದ್ದಾನೆ ಅನ್ನುವ ಜೈಲಿನ ಪತ್ರ, ವಿಳಾಸಕ್ಕೆ ಮೇಸ್ತ್ರಿಯ ಅಫಿಡವಿಟ್ ಲಗತ್ತಿಸಿದೆ. 1978ರ ಮೋತಿರಾಮ್ ಕೇಸನ್ನೂ ತೋರಿಸಿದೆ. ಮಧ್ಯಪ್ರದೇಶದ ಗಾರೆ ಕೆಲಸದವನ ಕೇಸು ಅದು. 10,000 ರೂಪಾಯಿಗೆ ಜಾಮೀನುದಾರನನ್ನು ಕೇಳಿದ್ದರು. ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಮ್ಯಾಜಿಸ್ಟ್ರೇಟರು ಒಪ್ಪಲಿಲ್ಲ. ಕನ್ನಡಿಗನನ್ನೋ ತಮಿಳನನ್ನೋ ಪೋರ್ಟ್ ಬ್ಲೇರಿನಲ್ಲೋ ಚಾಂದನಿ ಚೌಕದಲ್ಲೋ ಹಿಡಿದರೆ ಅವನು ಅಲ್ಲಿ ಆಸ್ತಿ ಇರುವವರನ್ನು ಎಲ್ಲಿಂದ ತರಬೇಕು ಅಂತ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕೇಳಿದ್ದರು. ನಮ್ಮ ಹುಡುಗನದು ಅದೇ ಕಥೆ, ದಿಕ್ಕು ಮಾತ್ರ ಉಲ್ಟಾ.

ಜಡ್ಜ್ ಸಾಹೇಬರು ಕನ್ನಡಕ ತೆಗೆದು, "ಬಿಟ್ಟರೆ ತಿರುಗಿ ಬರ್ತಾನೇನಮ್ಮಾ?" ಅಂದರು. ನ್ಯಾಯವಾದ ಪ್ರಶ್ನೆಯೇ. ಮೇಸ್ತ್ರಿ ಹಿಂದೆ ನಿಂತಿದ್ದರು, ಅವರನ್ನು ತೋರಿಸಿದೆ. ಸ್ವಂತ ಬಾಂಡ್, ಜೊತೆಗೆ 10,000 ರೂಪಾಯಿ ನಗದು ಠೇವಣಿ ಅಂತ ಆಯಿತು.

ಬಡ ಕೈದಿಗಳಿಗಾಗಿ ಕೇಂದ್ರದ ಒಂದು ಯೋಜನೆ ಇದೆ, 2023ರಿಂದ. ಶುರುವಾದಾಗಿನ ನಿಯಮದಲ್ಲಿ ವಿಚಾರಣಾಧೀನ ಕೈದಿಗೆ ಜಾಮೀನಿಗಾಗಿ 40,000 ರೂಪಾಯಿವರೆಗೆ ಸಿಗುತ್ತಿತ್ತು. ಅದಕ್ಕೂ ಅರ್ಜಿ ಕೊಟ್ಟಿದ್ದೆವು. ಜಿಲ್ಲಾ ಸಮಿತಿ ಕೂರಬೇಕು, ವರದಿ ಬರಬೇಕು. ಅಷ್ಟರೊಳಗೆ ಲೈನ್ ಮನೆಯವರು 6,300 ಒಟ್ಟು ಮಾಡಿದರು, ಹತ್ತು, ಇಪ್ಪತ್ತು, ಐವತ್ತರ ನೋಟುಗಳು. ಉಳಿದದ್ದನ್ನು ಮೇಸ್ತ್ರಿ ಕೊಟ್ಟರು, ಕೂಲಿಯಲ್ಲಿ ಮುರಿದುಕೊಳ್ಳುವ ಲೆಕ್ಕಕ್ಕೆ. ಜೈಲಿನಿಂದ ಬಿಡಿಸಿ ಮೇಸ್ತ್ರಿಯ ಸಾಲಕ್ಕೆ ಕಟ್ಟಿಹಾಕಿದೆನಾ ಅಂತ ನನಗೆ ಈಗಲೂ ಅನಿಸುತ್ತದೆ.

71ನೆಯ ದಿನ, ಸಂಜೆ 6:40. ಹುಡುಗ ಗೇಟಿನಿಂದ ಹೊರಗೆ ಬಂದ. ಹಿಡಿದದ್ದು ಫೆಬ್ರವರಿ ಬಿಸಿಲಲ್ಲಿ, ಬಿಟ್ಟದ್ದು ಜೂನ್ ಮಳೆಯಲ್ಲಿ. ಮೈಮೇಲೆ ಅದೇ ತೆಳು ಟೀ ಶರ್ಟು. ತೋಟದ ಕಡೆಗೆ ಕೊನೆಯ ಬಸ್ಸು ಹೋಗಿಯಾಗಿತ್ತು. ಜೇಬಿನಲ್ಲಿ ದುಡ್ಡಿಲ್ಲ, ಕೈಯಲ್ಲಿ ಫೋನಿಲ್ಲ. ನಾವು ಹೋಗದೇ ಇದ್ದಿದ್ದರೆ ಆ ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಮಲಗುತ್ತಿದ್ದ. ಅನುಮಾನದ ಮೇಲೆ ಬೀಟ್ ಪೊಲೀಸರು ಎಬ್ಬಿಸಿದರೆ, ಎಲ್ಲಿಂದ ಬಂದೆ ಅಂದರೆ ಏನು ಹೇಳುತ್ತಿದ್ದ?

ಆಮೇಲಿಂದ ಗೇಟಿಗೆ ಒಂದು ಲಕೋಟೆ ತಗೊಂಡು ಹೋಗುತ್ತೇವೆ. 500 ರೂಪಾಯಿ, ನನ್ನ ನಂಬರ್, ಉಚಿತ ಕಾನೂನು ನೆರವಿನ 15100. ಮುಖ್ಯವಾದದ್ದು ಮುಂದಿನ ತಾರೀಕು. ತಾರೀಕು ತಪ್ಪಿದರೆ ವಾರಂಟು, ವಾರಂಟು ಅಂದರೆ ಮತ್ತೆ ಅದೇ ಬ್ಯಾರಕ್. ಹುಡುಗನಿಗೆ ಕನ್ನಡ ಓದಲು ಬರುವುದಿಲ್ಲ. ಮೇಷ್ಟ್ರು ಕ್ಯಾಲೆಂಡರಿನ ಹಾಳೆ ಹರಿದು, ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಕೊಟ್ಟರು.

ಭಾಷಣಕ್ಕೆ ಕರೆಯುವವರು ನನ್ನನ್ನು ಕೈದಿಗಳ ಮನಪರಿವರ್ತನೆ ಬಗ್ಗೆ ಮಾತಾಡಿ ಅನ್ನುತ್ತಾರೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅದರಲ್ಲಿ 4,34,302 ಜನ ವಿಚಾರಣಾಧೀನರು. ತಪ್ಪು ಮಾಡಿದ್ದಾರಾ ಅಂತಲೇ ತೀರ್ಮಾನ ಆಗಿಲ್ಲ, ಯಾವ ಮನಸ್ಸನ್ನು ಪರಿವರ್ತನೆ ಮಾಡಲಿ? ನಾನು ಪಹಣಿ, ಬಸ್ ಚಾರ್ಜು, ಫೋನ್ ನಂಬರ್ ಬಗ್ಗೆ ಮಾತಾಡಿ ಬರುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ.

ಜುಲೈ ತಾರೀಕಿಗೆ ಹುಡುಗ ಬಂದ. 10 ಗಂಟೆಗೇ ಕೋರ್ಟ್ ಹಾಲ್ ಬಾಗಿಲಲ್ಲಿ ನಿಂತಿದ್ದ. ಕ್ಯಾಲೆಂಡರ್ ಹಾಳೆ ನಾಲ್ಕು ಮಡಿಕೆಯಾಗಿ, ಮಳೆಗೆ ನೆನೆದು, ಕೆಂಪು ಸುತ್ತು ಹರಡಿಹೋಗಿತ್ತು. ಹೆಸರು ಕೂಗಿದರು, ಹಾಜರಿ ಆಯಿತು, ಇನ್ನೊಂದು ತಾರೀಕು ಬಿತ್ತು. ಹೊರಗೆ ಬಂದವನೇ ಕೈಯನ್ನು ಕಿವಿಗೆ ಹಿಡಿದು ಕೇಳಿದ:

"ಮೇಡಂ, ಫೋನ್?"

ಮುದ್ದೆಮಾಲು ಬಿಡಿಸಿಕೊಳ್ಳಲು ಬೇರೆ ಅರ್ಜಿ ಹಾಕಬೇಕು. ಮೇಷ್ಟ್ರು ಆಗಲೇ ಹೊಸ ಹಾಳೆ ಹರಿಯುತ್ತಿದ್ದರು.