ಜರ್ಮನಿಯ ಫ್ಯಾಕ್ಟರಿಗೆ ಹೊರಟ ಹೊಸೂರಿನವರಿಗೆ: ಮೂರು ವಾರದ ಲೆಕ್ಕ

ಹೊಸೂರು, ಬಾಗಲೂರು, ತಳಿ ಕಡೆಯಿಂದ ಜರ್ಮನಿಯ ಫ್ಯಾಕ್ಟರಿಗಳಿಗೆ ಹೋಗುವವರಿಗೆ ವೀಸಾ, ಬಾಡಿಗೆ ಮನೆ, ಬ್ಯಾಂಕ್ ಖಾತೆಯ ವಿಷಯ ನಾನು ಹೇಳಬೇಕಿಲ್ಲ. ಅದೆಲ್ಲ ಓದಿಕೊಂಡೇ ಹೋಗಿರುತ್ತಾರೆ. ಅವರು ಎಡವುವುದು ಬೇರೆ ಕಡೆ. ಹೊಸೂರಿನ ಕೈಗಾರಿಕಾ ಪ್ರದೇಶವಾದ ಸಿಪ್ಕಾಟ್‌ನಲ್ಲಿ ನೋಡಿದ ಯೂನಿಯನ್ನನ್ನೇ ತಲೆಯಲ್ಲಿಟ್ಟುಕೊಂಡು ಅಲ್ಲಿ ಕೆಲಸಕ್ಕೆ ಸೇರುತ್ತಾರೆ.

ನಮ್ಮಲ್ಲಿ ಎಲ್ಲಕ್ಕೂ ಒಂದೇ ಬಾಗಿಲು. ಸಂಬಳದ ಸೆಟ್ಲ್‌ಮೆಂಟ್, ಬೋನಸ್, ಕ್ಯಾಂಟೀನಿನ ಸಾಂಬಾರು, ಸಸ್ಪೆಂಡ್ ಆದವನ ಕೇಸು, ಎಲ್ಲವನ್ನೂ ಯೂನಿಯನ್ನೇ ನೋಡುತ್ತದೆ. ಜರ್ಮನಿಯಲ್ಲಿ ಬಾಗಿಲು ಎರಡು. ಒಂದು ಯೂನಿಯನ್. ಲೋಹ ಮತ್ತು ವಾಹನ ಕೆಲಸದವರಿಗೆ ಅದು ಐಜಿ ಮೆಟಾಲ್. ಮಾಲೀಕರ ಸಂಘದ ಜೊತೆ ಕೂತು ಒಂದು ಇಡೀ ಪ್ರದೇಶದ ಸಂಬಳ, ಕೆಲಸದ ಗಂಟೆ ಮಾತಾಡುವುದು ಅದು. ಮುಷ್ಕರ ಮಾಡುವುದೂ ಅದೇ. ಇನ್ನೊಂದು ಬೆಟ್ರೀಬ್ಸ್‌ರಾಟ್, ಅಂದರೆ ಫ್ಯಾಕ್ಟರಿಯ ಒಳಗೆ ನೌಕರರೇ ನಾಲ್ಕು ವರ್ಷಕ್ಕೊಮ್ಮೆ ಆರಿಸುವ ಮಂಡಳಿ. ಐದು ಜನ ನೌಕರರಿದ್ದರೂ ಆರಿಸಬಹುದು. 1972ರ ಕಾನೂನು ಅದಕ್ಕೆ ದೊಡ್ಡ ಅಧಿಕಾರ ಕೊಟ್ಟಿದೆ. ಆದರೆ ಮುಷ್ಕರಕ್ಕೆ ಕರೆ ಕೊಡುವ ಹಕ್ಕು ಅದಕ್ಕಿಲ್ಲ.

ಮಂಡಳಿ ಒಪ್ಪದೆ ಓವರ್‌ಟೈಮ್ ಹಾಕುವಂತಿಲ್ಲ, ಶಿಫ್ಟ್ ಬದಲಿಸುವಂತಿಲ್ಲ, ಶಾಪ್ ಫ್ಲೋರಿನಲ್ಲಿ ಕ್ಯಾಮೆರಾ ಕೂರಿಸುವಂತಿಲ್ಲ. ಸಂಜೆ ನಾಲ್ಕಕ್ಕೆ ಸೂಪರ್‌ವೈಸರ್ ಬಂದು "ಇವತ್ತು ಎಂಟರ ತನಕ ಇರಬೇಕು" ಎನ್ನುವುದನ್ನು ನೋಡಿದ ನಮಗೆ ಇದು ಸ್ವರ್ಗ ಅನ್ನಿಸುತ್ತದೆ. ಈ ಒಂದು ವಿಷಯದಲ್ಲಿ ಅವರದೇ ಮೇಲು, ನನಗೆ ಅನುಮಾನವಿಲ್ಲ. 2000ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಯಲ್ಲಿ ಆಡಳಿತದ ಮೇಲೆ ಕಣ್ಣಿಡುವ ಮೇಲ್ವಿಚಾರಣಾ ಮಂಡಳಿ ಎಂಬ ಬೇರೆಯೇ ಮಂಡಳಿಯಿದೆ, ಅದರಲ್ಲಿ ಅರ್ಧ ಕುರ್ಚಿ ನೌಕರರದ್ದು ಎಂದೂ ಕೇಳಿರುತ್ತೀರಿ. ಸಮ ಸಮ ಮತ ಬಿದ್ದರೆ ಅಧ್ಯಕ್ಷರಿಗೆ ಎರಡನೇ ಮತವಿದೆ, ಅವರು ಸಾಮಾನ್ಯವಾಗಿ ಷೇರುದಾರರ ಕಡೆಯವರು. ಹೊಸಬರು ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ.

ನಮ್ಮ ಎಂಜಿನಿಯರುಗಳಿಗೆ ಇನ್ನೊಂದು ಅಭ್ಯಾಸ. "ನಾನು ಸ್ಟಾಫ್, ಯೂನಿಯನ್ ನನಗಲ್ಲ" ಎನ್ನುವುದು. ಅಲ್ಲಿ ಡಿಸೈನ್ ಮೇಜಿನವರೂ ಲೇತ್ ಮುಂದೆ ನಿಂತವರೂ ಒಂದೇ ಮಂಡಳಿಗೆ ಮತ ಹಾಕುತ್ತಾರೆ. ತೀರಾ ಮೇಲಿನ ಅಧಿಕಾರಿಗಳು ಮಾತ್ರ ಹೊರಗೆ. ಮತಕ್ಕೆ ಜರ್ಮನ್ ಪೌರತ್ವವೂ ಬೇಕಿಲ್ಲ.

ಈಗ ದುಡ್ಡು ಕಳೆಯುವ ಜಾಗಕ್ಕೆ ಬರೋಣ. ಕೆಲಸದಿಂದ ತೆಗೆಯುವ ಮೊದಲು ಕಂಪನಿ ಈ ಮಂಡಳಿಯನ್ನು ಕೇಳಲೇಬೇಕು. ಕೇಳದೆ ಕೊಟ್ಟ ನೋಟೀಸ್ ಅನೂರ್ಜಿತ. ಡೆಂಕಣಿಕೋಟೆ ಕಡೆಯ ಒಬ್ಬ ಹುಡುಗನಿಗೆ ನೋಟೀಸ್ ಬಂತು. ಮಂಡಳಿ ಬರವಣಿಗೆಯಲ್ಲೇ ವಿರೋಧಿಸಿತು. ಅವನು ನಿರಾಳವಾದ. "ನಮ್ಮವರು ನೋಡಿಕೊಳ್ತಾರೆ" ಎಂದು ಅಮ್ಮನಿಗೂ ಫೋನ್ ಮಾಡಿ ಹೇಳಿದ. ಒಂದು ತಿಂಗಳ ನಂತರ ವಕೀಲರ ಹತ್ತಿರ ಹೋದಾಗ ಅವರು ಕಾಗದದ ತಾರೀಕು ನೋಡಿ ತಲೆಯಾಡಿಸಿದರು.

ಮಂಡಳಿ ವಿರೋಧಿಸಿದರೂ ಕಂಪನಿ ನೋಟೀಸ್ ಕೊಡಬಹುದು. ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬೇಕಾದವರು ನೀವು, ನೀವೇ. ಕಾಗದ ತಲುಪಿದ ದಿನದಿಂದ ಮೂರು ವಾರದೊಳಗೆ ಲೇಬರ್ ಕೋರ್ಟಿಗೆ ದೂರು ಹೋಗದಿದ್ದರೆ ಆ ನೋಟೀಸ್ ಮೊದಲಿನಿಂದಲೂ ಸರಿಯಾಗಿತ್ತು ಎಂದೇ ಲೆಕ್ಕ. ಮಂಡಳಿಯನ್ನು ಕೇಳದೇ ಇದ್ದರೂ ಅಷ್ಟೇ, ಆ ತಪ್ಪೂ ಮುಚ್ಚಿಹೋಗುತ್ತದೆ. ನಮ್ಮ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಕೆಲಸ ಕಳೆದುಕೊಂಡ ಕಾರ್ಮಿಕ ಮೂರು ವರ್ಷದ ತನಕ ಲೇಬರ್ ಕೋರ್ಟಿಗೆ ಹೋಗಬಹುದಿತ್ತು. ಆ ನಿಧಾನ ಮೈಗೆ ಹತ್ತಿದೆ ಅಲ್ವಾ, ಅದೇ ತೊಂದರೆ.

ಇನ್ನೊಂದು ಕೇಳಿ. ನೀವು ರಜೆಗೆ ಊರಿಗೆ ಬಂದಿರುತ್ತೀರಿ. ಅಲ್ಲಿ ನಿಮ್ಮ ಅಂಚೆ ಡಬ್ಬಿಗೆ ನೋಟೀಸ್ ಬೀಳುತ್ತದೆ. ನೀವು ತೆರೆದು ನೋಡದಿದ್ದರೂ ಅದು ತಲುಪಿದ ಹಾಗೆಯೇ. ರಜೆಯ ಕಾರಣ ಹೇಳಿ ತಡವಾದ ದೂರನ್ನು ತೆಗೆದುಕೊಳ್ಳಿ ಎಂದು ಕೇಳಲು ದಾರಿಯಿದೆ, ಆದರೆ ಅದಕ್ಕೂ ಮರಳಿದ ಮೇಲೆ ಎರಡೇ ವಾರ. ಊರಿಗೆ ಬರುವಾಗ ಡಬ್ಬಿಯ ಕೀಲಿಯನ್ನು ಗೆಳೆಯರೊಬ್ಬರ ಕೈಗೆ ಕೊಟ್ಟು ಬನ್ನಿ. ವಾಟ್ಸಾಪ್‌ನಲ್ಲೋ ಇಮೇಲ್‌ನಲ್ಲೋ "ನಾಳೆಯಿಂದ ಬರಬೇಡಿ" ಎಂದರೆ ಅದು ನೋಟೀಸೇ ಅಲ್ಲ. ಪೆನ್ನಿನಲ್ಲಿ ಸಹಿ ಮಾಡಿದ ಕಾಗದವೇ ಬೇಕು. ಹಾಗೆಂದು ಸುಮ್ನೆ ಕೂರಬೇಡಿ, ಅವತ್ತೇ ಯಾರನ್ನಾದರೂ ವಿಚಾರಿಸಿ.

ದೂರು ಕೊಡಲು ಮೊದಲ ಹಂತದಲ್ಲಿ ವಕೀಲರೇ ಬೇಕೆಂದಿಲ್ಲ. ಕೋರ್ಟಿನಲ್ಲೇ ಒಂದು ಕೌಂಟರ್ ಇರುತ್ತದೆ, ನೀವು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ಜರ್ಮನ್ ಬರುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ವಕೀಲರನ್ನು ಇಟ್ಟರೆ ಗೆದ್ದರೂ ಸೋತರೂ ಈ ಹಂತದಲ್ಲಿ ಅವರ ಫೀಸು ನಿಮ್ಮದೇ.

ಎಚ್‌ಆರ್‌ನವರು ಕರೆದು ಕಾಫಿ ಕೊಟ್ಟು "ಪರಸ್ಪರ ಒಪ್ಪಿಗೆಯಿಂದ ಬೇರೆಯಾಗೋಣ" ಎಂಬ ಕಾಗದ ಮುಂದಿಟ್ಟರೆ ಅಲ್ಲೇ ಸಹಿ ಹಾಕಬೇಡಿ. ಒಮ್ಮೆ ಹಾಕಿದರೆ ಮನಸ್ಸು ಬದಲಾಯಿತು ಎಂದು ವಾಪಸ್ ಪಡೆಯುವ ಹಕ್ಕಿಲ್ಲ. ನೀವಾಗಿಯೇ ಕೆಲಸ ಬಿಟ್ಟಿರಿ ಎಂದು ನಿರುದ್ಯೋಗ ಭತ್ಯೆ 12 ವಾರ ನಿಲ್ಲಬಹುದು. "ಮನೆಗೆ ಒಯ್ದು ಓದುತ್ತೇನೆ" ಎನ್ನಿ, ಮಂಡಳಿಯವರಿಗೆ ತೋರಿಸಿ. ಕೆಲಸ ಹೋಗುವುದು ಗೊತ್ತಾದ ಮೂರು ದಿನದೊಳಗೆ ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಿ. ವೀಸಾ ನೋಡಿಕೊಳ್ಳುವ ಅಲ್ಲಿನ ವಿದೇಶಿಯರ ಕಚೇರಿಗೆ ತಿಳಿಸುವುದೂ ನಿಮ್ಮ ಕೆಲಸವೇ, ಅದಕ್ಕೆ ಎರಡು ವಾರ.

ಐಜಿ ಮೆಟಾಲ್ ಸದಸ್ಯತ್ವಕ್ಕೆ ತಿಂಗಳ ಒಟ್ಟು ಸಂಬಳದ ಶೇಕಡಾ 1 ಕೊಡಬೇಕು. "ಮಂಡಳಿ ಪುಕ್ಕಟೆ ಇರುವಾಗ ಇದು ಯಾಕೆ?" ಎಂದು ನಮ್ಮವರು ಕೇಳುತ್ತಾರೆ. ಕೋರ್ಟಿನಲ್ಲಿ ನಿಮ್ಮ ಪರ ಜನ ಕಳಿಸುವುದು ಮಂಡಳಿಯಲ್ಲ, ಯೂನಿಯನ್. ಅದೂ ಸದಸ್ಯರಾಗಿ ಮೂರು ತಿಂಗಳು ಕಳೆದವರಿಗೆ. ಹಾಗಾಗಿ ನೋಟೀಸ್ ಬಂದ ಮೇಲೆ ಓಡಬೇಡಿ, ಮೊದಲ ಸಂಬಳ ಬಂದ ವಾರವೇ ಫಾರ್ಮ್ ತುಂಬಿ.