ಹಕ್ಕಿಮನೆಯಲ್ಲಿ ಯಾರ ಜೊತೆ ಯಾರು

ಶಿವಮೊಗ್ಗದ ನಮ್ಮ ಮನೆಯ ತಾರಸಿ ಮೇಲೆ ಹತ್ತಡಿ ಉದ್ದ, ಆರಡಿ ಅಗಲದ ಹಕ್ಕಿಮನೆ ಇದೆ. ಸುತ್ತ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಷ್ ಜಾಲರಿ. ಇಲಿ, ಹಾವು ನುಸುಳಬಾರದು. ಬಾಗಿಲು ಎರಡು, ಒಂದು ಹಾಕಿದ ಮೇಲೇ ಇನ್ನೊಂದು ತೆಗೆಯುವುದು. ಒಳಗೆ ಜೀಬ್ರಾ ಫಿಂಚ್, ಬೆಂಗಾಲೀಸ್ ಫಿಂಚ್ ಎಂಬ ಕಾಳು ತಿನ್ನುವ ಪುಟ್ಟ ಹಕ್ಕಿಗಳು, ಒಂದು ಜೋಡಿ ಡೈಮಂಡ್ ಡವ್ ಎಂಬ ಸಣ್ಣ ಬೆಳವ, ನೆಲದಲ್ಲಿ ಬಟನ್ ಕ್ವೇಲ್ ಎಂಬ ಪುಟ್ಟ ಲಾವಕ್ಕಿ.

ನೋಡಲು ಬಂದವರು ಲವ್ ಬರ್ಡ್ಸ್ ಯಾಕಿಲ್ಲ ಅಂತ ಕೇಳುತ್ತಾರೆ. ಬೇಕೆಂದೇ ಇಟ್ಟಿಲ್ಲ. ನಮ್ಮಲ್ಲಿ ಲವ್ ಬರ್ಡ್ಸ್ ಅಂತಲೇ ಕರೆಯುವ ಪುಟ್ಟ ಗಿಳಿ ಬಜರಿಗರ್ ಆಗಲಿ, ಆಫ್ರಿಕನ್ ಲವ್ ಬರ್ಡ್ ಆಗಲಿ, ಅವುಗಳ ಕೊಕ್ಕಿಗೆ ಬಲ ಜಾಸ್ತಿ. ಫಿಂಚ್ ಕಾಲು ಬೆಂಕಿಕಡ್ಡಿಗಿಂತ ತೆಳು. ಒಂದು ಸಲ ಕಚ್ಚಿದರೆ ಫಿಂಚ್‌ನ ಕಾಲ್ಬೆರಳೇ ಹೋಗಬಹುದು. ನಮ್ಮ ಕಾಡಿನ ಗಿಳಿ, ರಾಟವಾಳಗಳ ಮಾತಂತೂ ಬೇಡ. 1972ರ ವನ್ಯಜೀವಿ ಕಾಯ್ದೆ ಅವನ್ನು ಸಾಕಲು ಬಿಡುವುದಿಲ್ಲ, ಬಿಡಲೂಬಾರದು.

ಜಗಳ ಹುಟ್ಟುವುದು ಹೆಚ್ಚಾಗಿ ಗೂಡಿನ ವಿಷಯಕ್ಕೆ. ಜೀಬ್ರಾ ಫಿಂಚ್‌ಗೆ ಕಟ್ಟುವ ಹುಚ್ಚು. ನಾರು ಸಿಗುತ್ತಿದ್ದರೆ ಇಟ್ಟ ಮೊಟ್ಟೆಯ ಮೇಲೇ ಇನ್ನೊಂದು ಹಾಸು ಹಾಕಿ ಮತ್ತೆ ಮೊಟ್ಟೆ ಇಡುತ್ತದೆ. ಅದಕ್ಕೇ ಮೊಟ್ಟೆ ಬಿದ್ದ ಕೂಡಲೇ ನಾನು ತೆಂಗಿನ ನಾರು ಹಾಕುವುದು ನಿಲ್ಲಿಸುತ್ತೇನೆ. ನಾರನ್ನೂ ಬೆರಳುದ್ದಕ್ಕೆ ಕತ್ತರಿಸಿಯೇ ಕೊಡುವುದು, ಉದ್ದ ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಗೂಡಿಗೆ ಇಡುವ ಬುಟ್ಟಿಗಳು ಜೋಡಿಗಳಿಗಿಂತ ಹೆಚ್ಚಿರಬೇಕು, ಎಲ್ಲವೂ ಒಂದೇ ಎತ್ತರದಲ್ಲಿರಬೇಕು. ಮೇಲಿನದೊಂದೇ ಇದ್ದರೆ ಎಲ್ಲಕ್ಕೂ ಅದೇ ಬೇಕು. ಬೆಂಗಾಲೀಸ್ ಮಾತ್ರ ತುಂಬಾ ಸಾಧು. ಸಂಜೆಯಾದರೆ ಇರುವವೆಲ್ಲ ಒಂದೇ ಬುಟ್ಟಿಗೆ ನುಗ್ಗುತ್ತವೆ, ಕೊನೆಗೆ ಬಂದದ್ದರ ಬಾಲ ಹೊರಗೇ ಉಳಿಯುತ್ತದೆ. ಬೇರೆಯವರ ಮರಿಗೂ ಗುಟುಕು ಕೊಡುತ್ತವೆ. ನನಗೆ ಅವುಗಳ ಮೇಲೆ ಒಂದು ಕೈ ಪ್ರೀತಿ ಹೆಚ್ಚು.

ಮರಿ ಜಾಸ್ತಿಯಾಗದಂತೆ ನೋಡಿಕೊಳ್ಳುವುದೂ ಸಾಕಣೆಯೇ. ಜೀಬ್ರಾ ಮೊಟ್ಟೆ ಸುಮಾರು ಎರಡು ವಾರಕ್ಕೆ ಒಡೆಯುತ್ತದೆ, ಮರಿ ಮೂರು ವಾರದೊಳಗೆ ಗೂಡು ಬಿಡುತ್ತದೆ, ತಾಯಿ ಮತ್ತೆ ಮೊಟ್ಟೆಗೆ ತಯಾರು. ಹೀಗೇ ಬಿಟ್ಟರೆ ಹೆಣ್ಣು ಸವೆದುಹೋಗುತ್ತದೆ. ಎರಡು ಸಂಸಾರ ಮುಗಿದ ಮೇಲೆ ಬುಟ್ಟಿಗಳನ್ನೇ ತೆಗೆದುಬಿಡುತ್ತೇನೆ.

ಊಟಕ್ಕೆ ನವಣೆ, ಬರಗು, ಸ್ವಲ್ಪ ಸಜ್ಜೆ. ಜೊತೆಗೆ ಸೊಪ್ಪು, ಸುಣ್ಣದಂಶಕ್ಕೆ ಕಟಲ್ ಬೋನ್ ಎಂಬ ಕಡಲಜೀವಿಯ ಒಳಚಿಪ್ಪು. ಇಲ್ಲೊಂದು ವಿಷಯ ಒತ್ತಿ ಹೇಳಬೇಕು: ಬಟ್ಟಲು ತುಂಬಿದೆ ಅಂತ ಕಂಡರೆ ನಂಬಬೇಡಿ. ಫಿಂಚ್ ಕಾಳು ಸುಲಿದು ತಿರುಳು ನುಂಗಿ ಹೊಟ್ಟನ್ನು ಅಲ್ಲೇ ಉದುರಿಸುತ್ತದೆ. ದಿನಾ ಬೆಳಿಗ್ಗೆ ಬಟ್ಟಲು ಹಿಡಿದು ಮೆಲ್ಲಗೆ ಊದುತ್ತೇನೆ. ಎಷ್ಟೋ ಸಲ ತಳದಲ್ಲಿ ಕಾಳೇ ಇರುವುದಿಲ್ಲ. ಡವ್ ಹಾಗಲ್ಲ, ಇಡೀ ಕಾಳು ನುಂಗುತ್ತದೆ. ಹೊಟ್ಟೆಯೊಳಗೆ ಕಾಳು ಅರೆಯಲು ಅದಕ್ಕೆ ಸಣ್ಣ ಕಲ್ಲಿನ ಹರಳು ಬೇಕು. ಕ್ವೇಲ್ ನೆಲಕ್ಕೆ ಬಿದ್ದದ್ದನ್ನು ತಿನ್ನುತ್ತದೆ ನಿಜ, ಆದರೆ ಅದಷ್ಟೇ ಸಾಲದು. ಬೇಯಿಸಿದ ಮೊಟ್ಟೆ ಪುಡಿ ಮಾಡಿ ಹಾಕುತ್ತೇನೆ.

ಜೂನ್ ಬಂತೆಂದರೆ ಪಡುವಣ ಬದಿಗೆ ಟಾರ್ಪಾಲಿನ್ ಇಳಿಸುತ್ತೇನೆ. ನಮ್ಮ ಮಳೆಗಾಲದ ಥಂಡಿಗೆ ಕಾಳು ಬೂಸ್ಟು ಹಿಡಿಯುವುದು ಬೇಗ. ಮುಗ್ಗಲು ವಾಸನೆ ಬಂದರೆ ಇಡೀ ಡಬ್ಬಿ ಚೆಲ್ಲುತ್ತೇನೆ, ಆರಿಸುತ್ತಾ ಕೂರುವುದಿಲ್ಲ. ಪುಕ್ಕ ಉಬ್ಬಿಸಿಕೊಂಡು ಹಗಲಲ್ಲೇ ತೂಕಡಿಸುವ ಹಕ್ಕಿಯನ್ನು ತಕ್ಷಣ ಪೆಟ್ಟಿಗೆಗೆ ಹಾಕಿ ಬಲ್ಬಿನ ಕಾವು ಕೊಟ್ಟು ವೈದ್ಯರಿಗೆ ಫೋನ್ ಮಾಡುತ್ತೇನೆ. ಕಾಯಿಲೆಯನ್ನು ಮುಚ್ಚಿಡುವ ಜೀವ ಅದು, ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿರುತ್ತದೆ. ಹೊಸದಾಗಿ ತಂದ ಹಕ್ಕಿ ಎಷ್ಟೇ ಲವಲವಿಕೆಯಿಂದಿದ್ದರೂ ಒಂದು ತಿಂಗಳು ಕೆಳಗಿನ ಕೋಣೆಯಲ್ಲೇ ಇರುತ್ತದೆ, ಅದರ ಬಟ್ಟಲೂ ಬೇರೆ.