ರಾಯಚೂರಿಗೆ ಬಂದವರು ಎಲ್ಲಿ, ಯಾವ ಹೊತ್ತಿಗೆ ಉಣ್ಣಬೇಕು

ರಾಯಚೂರಿಗೆ ಹೊರಗಿನಿಂದ ಬರುವವರಲ್ಲಿ ಊರು ನೋಡಲೆಂದೇ ಬರುವವರು ಕಡಿಮೆ. ಗಂಜ್ ಎಂದು ಕರೆಯುವ ಕೃಷಿ ಮಾರುಕಟ್ಟೆಗೆ ಹತ್ತಿ, ಭತ್ತ ತಂದ ರೈತರು, ರಿಮ್ಸ್ ಆಸ್ಪತ್ರೆಯಲ್ಲಿ ರೋಗಿಯ ಮಗ್ಗುಲಲ್ಲಿ ಕೂರಬೇಕಾದ ಬಂಧುಗಳು, ಕೃಷಿ ವಿಶ್ವವಿದ್ಯಾಲಯದ ಸಂದರ್ಶನಕ್ಕೆ ಬಂದ ಹುಡುಗರು, ಮಂತ್ರಾಲಯದ ದಾರಿಯಲ್ಲಿ ರೈಲಿಳಿದ ಭಕ್ತರು, ಹೀಗೆ ಬಂದವರೆಲ್ಲರಿಗೂ ಎರಡು ಮೂರು ದಿನ ಜೇಬಿಗೆ ಭಾರವಾಗದಂತೆ, ಹೊಟ್ಟೆ ಕೆಡದಂತೆ ಉಣ್ಣುವ ಜಾಗ ಬೇಕಾಗಿರುತ್ತದೆ. ಕೃಷ್ಣೆ ದಾಟಿದರೆ ತೆಲಂಗಾಣ, ತುಂಗಭದ್ರೆ ದಾಟಿದರೆ ಆಂಧ್ರ ಎಂಬಂತಿರುವ ಈ ಗಡಿ ಊರಿನಲ್ಲಿ ಜೋಳದ ರೊಟ್ಟಿಯ ಖಾನಾವಳಿ, ಆಂಧ್ರ ಮೆಸ್, ನಿಜಾಮರ ಕಾಲದ ರುಚಿ ಉಳಿಸಿಕೊಂಡ ಬಿರಿಯಾನಿ ಅಂಗಡಿ ಎಲ್ಲವೂ ಕೂಗಳತೆಯಲ್ಲಿ ಸಿಗುತ್ತವೆ. ಹೊಸಬರು ಯಾವ ಹೋಟೆಲು ಒಳ್ಳೆಯದೆಂದು ಕೇಳುತ್ತಾರೆ. ಅಲ್ಲಿಗೆ ಎಷ್ಟು ಹೊತ್ತಿಗೆ ಹೋಗಬೇಕೆಂದು ಕೇಳುವುದು ಅದಕ್ಕಿಂತ ಮುಖ್ಯವೆಂಬುದು ನನ್ನ ಅನುಭವ.

ಇದಕ್ಕೆ ಕಾರಣ ಇಲ್ಲಿನ ಬಿಸಿಲು. ಬೇಯಿಸಿದ ಆಹಾರ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಉಳಿದಷ್ಟು ಹೊತ್ತೂ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ; ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟುವ ಊರಿನಲ್ಲಿ ಒಲೆಯಿಂದ ಇಳಿಸಿದ ಪಲ್ಯ ತಣ್ಣಗಾಗುವುದೂ ಇಲ್ಲ, ಬಿಸಿಯಾಗಿ ಉಳಿಯುವುದೂ ಇಲ್ಲ. ಅನ್ನದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿ ಬೆಂದರೂ ಉಳಿದಿರುತ್ತವೆ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕುಳಿತಾಗ ಅವು ಮೊಳೆತು ಬಿಡುವ ವಾಂತಿಕಾರಕ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಒಮ್ಮೆ ಬೇಸಿಗೆಯಲ್ಲಿ ಸಂಜೆ ನಾಲ್ಕಕ್ಕೆ, ಹಸಿವು ತಡೆಯದೆ, ಬಹಳ ಹೆಸರಿದ್ದ ಒಂದು ಕಡೆ ಉಳಿದ ಚಿತ್ರಾನ್ನ ತಿಂದು ಎರಡು ದಿನ ಮಲಗಿದ ಮೇಲೆ ನನಗೆ ಈ ಪಾಠ ಸರಿಯಾಗಿ ತಲೆಗೆ ಹೋಯಿತು.

ಆದ್ದರಿಂದ ಮಧ್ಯಾಹ್ನದ ಊಟಕ್ಕೆ ಹನ್ನೆರಡೂವರೆಯಿಂದ ಎರಡರೊಳಗೆ ಖಾನಾವಳಿಗೆ ಹೋಗಬೇಕು. ಒಳಗೆ ಕಾಲಿಟ್ಟೊಡನೆ ರೊಟ್ಟಿ ಬಡಿಯುವ ಸದ್ದು ಕೇಳಿದರೆ, ತವೆಯ ಮುಂದೆ ಯಾರಾದರೂ ಕುಳಿತಿದ್ದರೆ, ಹಮಾಲರು, ಲಾರಿ ಚಾಲಕರು, ಕಚೇರಿ ನೌಕರರು ಒಂದೇ ಸಾಲಿನಲ್ಲಿ ಉಣ್ಣುತ್ತಿದ್ದರೆ ಅದು ಸರಿಯಾದ ಜಾಗ. ದಿನವೂ ಅಲ್ಲೇ ಉಣ್ಣುವವರು ಹೊಟ್ಟೆ ಕೆಡಿಸುವ ಖಾನಾವಳಿಯನ್ನು ವಾರದೊಳಗೆ ಬಿಡುತ್ತಾರೆ. ನಿಲ್ದಾಣದ ಎದುರಿನ ಹೋಟೆಲಿಗೆ ಮಾತ್ರ ರೈಲು ಬಂದಾಗಲೆಲ್ಲ ಹೊಸ ಗಿರಾಕಿ ಸಿಗುತ್ತಾರೆ. ಸ್ಟೇಷನ್ ರಸ್ತೆಯಲ್ಲಿ ಮೊದಲು ಕಂಡ ಬೋರ್ಡಿಗೆ ಮರುಳಾಗದೆ ಗಂಜ್‌ನ ಸುತ್ತಮುತ್ತ ಅಥವಾ ತೀನ್ ಕಂದಿಲ್ ವೃತ್ತದ ಕಡೆಗೆ ಒಂದಿಷ್ಟು ದೂರ ಹೋಗುವುದು ಲಾಭದ ಕೆಲಸ. ಕೂರುವ ಮೊದಲೇ ಪ್ಲೇಟ್ ಊಟವೋ ಫುಲ್ ಊಟವೋ, ಎಷ್ಟು ರೊಟ್ಟಿ ಸೇರಿದೆ, ಮೇಲಿನ ರೊಟ್ಟಿಗೆ ಬೇರೆ ದುಡ್ಡೇ, ಅನ್ನ ಇದರಲ್ಲೇ ಬರುತ್ತದೆಯೇ ಎಂದು ಕೇಳಿಕೊಳ್ಳಬೇಕು. ಇಲ್ಲಿ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ತಟ್ಟೆಯಲ್ಲಿ ಏನನ್ನು ನಂಬಬಹುದು ಎಂಬುದನ್ನೂ ಹೇಳಬೇಕು. ತವೆಯಿಂದ ನೇರವಾಗಿ ಬಂದ ಬಿಸಿ ರೊಟ್ಟಿ, ಕುದಿಯುತ್ತಿರುವ ಬೇಳೆ, ಆಗಷ್ಟೇ ಇಳಿಸಿದ ಪುಂಡಿಪಲ್ಯ ಇವುಗಳಿಗೆ ಭಯವಿಲ್ಲ. ಒಣಗಿಸಿ ಗರಿಗರಿಯಾದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ನೀರಿನಂಶವಿಲ್ಲದ ಪದಾರ್ಥಗಳಾದ್ದರಿಂದ ದಿನಗಟ್ಟಲೆ ಕೆಡುವುದಿಲ್ಲ; ಬಿಸಿಲು ನಾಡಿನ ಹಿರಿಯರು ಫ್ರಿಜ್ಜಿಲ್ಲದೆ ಬುತ್ತಿ ಕಟ್ಟಿದ್ದು ಇದೇ ಲೆಕ್ಕದ ಮೇಲೆ. ರೊಟ್ಟಿಯ ಪಕ್ಕಕ್ಕಿಡುವ ಹಸಿ ಮೆಂತ್ಯಸೊಪ್ಪು, ಸೌತೆಕಾಯಿ, ಮೂಲಂಗಿ ರುಚಿಯಾದವೇ, ಆದರೆ ಅವನ್ನು ತೊಳೆದದ್ದು ತೊಟ್ಟಿಯ ನೀರಿನಲ್ಲಿ ಎಂಬುದು ನೆನಪಿರಲಿ. ಹೊಸಬರು ಸೊಪ್ಪನ್ನು ಬಿಟ್ಟು, ಇಡೀ ಉಳ್ಳಾಗಡ್ಡಿ ಕೇಳಿ ಪಡೆದು ಸಿಪ್ಪೆ ಸುಲಿದು ತಿನ್ನುವುದು ಲೇಸು. ಗಟ್ಟಿ ಮೊಸರು ತಿನ್ನಬಹುದು, ಮಜ್ಜಿಗೆ ಬೇಡ. ಮಜ್ಜಿಗೆಯಲ್ಲಿ ಮುಕ್ಕಾಲು ಪಾಲು ಅಂಗಡಿಯ ನೀರೇ ಇರುತ್ತದೆ.

ನೀರಿನ ಬಗ್ಗೆ ಈ ಊರಿನವರಿಗೆ ಕಹಿ ನೆನಪಿದೆ. 2022ರ ಮೇ, ಜೂನ್ ತಿಂಗಳಲ್ಲಿ ನಗರದ ನಲ್ಲಿಗಳಲ್ಲಿ ಕಲುಷಿತ ನೀರು ಬಂದು ಅನೇಕರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಕೆಲವರು ಪ್ರಾಣ ಕಳೆದುಕೊಂಡರು. ಮೇಜಿನ ಮೇಲಿನ ಜಗ್ಗಿನ ನೀರು ಎಲ್ಲಿಯದೆಂದು ಕೇಳಿ. 20 ಲೀಟರಿನ ಕ್ಯಾನ್ ತೋರಿಸಿದರೆ ಸರಿ, ಇಲ್ಲವಾದರೆ ಸೀಲು ಮುರಿಯದ ಬಾಟಲಿ ಕೊಳ್ಳಿ. ಬಾಟಲಿಯ ಮೇಲೆ ಮುದ್ರಿಸಿದ ಬೆಲೆಗಿಂತ ಅಂಗಡಿಯವರು ಹೆಚ್ಚು ಕೇಳಿದರೆ 1915ಕ್ಕೆ ಕರೆ ಮಾಡಿ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಕುದ್ದ ಚಹಾ ಸುರಕ್ಷಿತ, ಆದರೆ ಒಂದೇ ಬಕೆಟ್ಟಿನಲ್ಲಿ ಬೆಳಗಿನಿಂದ ಅದ್ದಿ ತೆಗೆದ ಗ್ಲಾಸು ಹಾಗಲ್ಲ. ಗ್ಲಾಸಿಗೆ ಬಿಸಿನೀರು ಹಾಯಿಸಿ ಕೊಡಿ ಎಂದು ಕೇಳಿದರೆ ಒಳ್ಳೆಯ ಚಹಾದವನು ಗೊಣಗದೆ ಕೊಡುತ್ತಾನೆ.

ಬೆಳಗಿನ, ಸಂಜೆಯ ನಾಷ್ಟಾ ಎಂದರೆ ಇಲ್ಲಿ ಮಂಡಾಳ (ಮಂಡಕ್ಕಿ) ಒಗ್ಗರಣೆ ಮತ್ತು ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ. ನೋಡುವವರಿಗೆ ಎಣ್ಣೆಯ ಮಿರ್ಚಿಗಿಂತ ಒಗ್ಗರಣೆಯೇ ಹಗುರವೆನಿಸುತ್ತದೆ. ಸೋಂಕಿನ ಲೆಕ್ಕದಲ್ಲಿ ಮಾತ್ರ ವಿಷಯ ತಿರುವುಮುರುವು. ಕಾದ ಎಣ್ಣೆಯಿಂದ ಕಣ್ಣೆದುರೇ ಎದ್ದ ಮಿರ್ಚಿಯಲ್ಲಿ ರೋಗದ ಕ್ರಿಮಿ ಉಳಿಯುವುದು ಅಪರೂಪ, ಮಂಡಾಳನ್ನಾದರೋ ಬಕೆಟ್ಟಿನ ನೀರಿನಲ್ಲಿ ನೆನೆಸಿ ಹಿಂಡಿ ಒಗ್ಗರಣೆಗೆ ಹಾಕಿ ರಾಶಿ ಮಾಡಿರುತ್ತಾರೆ. ಆಗತಾನೆ ಕಲಸಿದ, ಹಬೆಯಾಡುವ ರಾಶಿ ಇದ್ದರೆ ತಿನ್ನಿ, ಆರಿದ ರಾಶಿ ಬಿಡಿ. ಮಿರ್ಚಿಯ ಎಣ್ಣೆ ಕಪ್ಪಗೆ ಅಂಟಂಟಾಗಿ, ನೊರೆ ಕಟ್ಟಿ ಹೊಗೆಯಾಡುತ್ತಿದ್ದರೆ ಅಲ್ಲಿಂದ ಮುಂದೆ ನಡೆಯಿರಿ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ಸ್ ಎಂಬ ಅಂಶ ಶೇ 25 ಮೀರಬಾರದೆಂಬ ಕಾನೂನಿದೆ, ಆದರೆ ಬೀದಿಯಲ್ಲಿ ನಿಂತ ನಮಗೆ ಅಳತೆಗೋಲು ಎಂದರೆ ಕಣ್ಣು, ಮೂಗು ಮಾತ್ರ. ಗೋಬಿ ಮಂಚೂರಿ ಕೆಂಪಗೆ ಹೊಳೆಯುತ್ತಿದ್ದರೆ ಅದೂ ಬೇಡ. ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚಿನಲ್ಲೇ ನಿಷೇಧಿಸಿದೆ.

ಬಿರಿಯಾನಿಯನ್ನು ಮಧ್ಯಾಹ್ನ ಹಂಡೆ ತೆರೆದ ಹೊತ್ತಿನಲ್ಲಿ ತಿನ್ನಬೇಕು, ರಾತ್ರಿ ಹತ್ತಕ್ಕಲ್ಲ. ಅನ್ನದ ಬಗ್ಗೆ ಮೇಲೆ ಹೇಳಿದ್ದೇ ಇದಕ್ಕೂ ಅನ್ವಯಿಸುತ್ತದೆ.

ತೀರಾ ಕಡಿಮೆ ದುಡ್ಡಿನಲ್ಲಿ ದಿನ ಕಳೆಯಬೇಕಾದವರು, ಅದರಲ್ಲೂ ಆಸ್ಪತ್ರೆಗೆ ಬಂದವರು, ಇಂದಿರಾ ಕ್ಯಾಂಟೀನನ್ನು ಮರೆಯಬಾರದು. ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ಬಡಿಸುವ ಹೊತ್ತು ನಿಗದಿಯಾಗಿರುವುದರಿಂದ ಅಡುಗೆ ಬಹಳ ಹೊತ್ತು ಕುಳಿತಿರುವುದಿಲ್ಲ. ಟೋಕನ್ ಬೇಗ ಮುಗಿಯುವುದರಿಂದ ಬಾಗಿಲು ತೆರೆಯುವ ಮೊದಲೇ ಸಾಲಿನಲ್ಲಿ ನಿಲ್ಲಬೇಕು.

ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೂ ಒಮ್ಮೆ ಕಣ್ಣಾಡಿಸಿ. ಪ್ರತಿಯೊಂದು ಹೋಟೆಲೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆಯನ್ನು ಕಾಣುವಂತೆ ಹಾಕಬೇಕು. ಅದರಲ್ಲಿ 14 ಅಂಕಿಗಳಿರುತ್ತವೆ. ದೊಡ್ಡವರ ಪರವಾನಗಿ 1ರಿಂದ, ಸಣ್ಣ ಅಂಗಡಿಗಳ ನೋಂದಣಿ 2ರಿಂದ ಶುರುವಾಗುತ್ತದೆ. ಕಾಗದವೊಂದೇ ಅಡುಗೆಮನೆಯನ್ನು ಸ್ವಚ್ಛವಾಗಿಡುವುದಿಲ್ಲ, ನಿಜ. ಆದರೆ ಈ ಸಂಖ್ಯೆ ದೇಶಕ್ಕೆಲ್ಲ ಒಂದೇ ಬಗೆಯದಾದ್ದರಿಂದ ಗಡಿ ದಾಟಿದ ಮೇಲೂ ಕೆಲಸಕ್ಕೆ ಬರುತ್ತದೆ, ಮತ್ತು ದೂರು ಕೊಡುವಾಗ ಇದೇ ಬೇಕಾಗುತ್ತದೆ.

ಗಡಿ ದಾಟುವವರಿಗೆ ಇನ್ನೆರಡು ಮಾತು. ಆಂಧ್ರ, ತೆಲಂಗಾಣದ ಮೆಸ್‌ಗಳಲ್ಲಿ ‘ಮಂಚಿ ನೀಳ್ಳು’ ಎಂದು ಕೇಳಿದರೆ ಕುಡಿಯುವ ನೀರು ಕೊಡುತ್ತಾರೆ, ‘ವೇಡಿಗಾ’ ಎಂದರೆ ಬಿಸಿಯಾಗಿ ಎಂದರ್ಥ. ನಮ್ಮ ಪುಂಡಿ ಸೊಪ್ಪು ಅಲ್ಲಿ ಗೋಂಗೂರ. ಖಾರ ಬೇರೆಯೇ ಮಟ್ಟದ್ದಾದ್ದರಿಂದ ಮೊದಲ ದಿನ ಬೇಳೆ, ತುಪ್ಪ, ಅನ್ನಕ್ಕೆ ಸೀಮಿತವಾಗಿರುವುದು ಕ್ಷೇಮ. ಮಂತ್ರಾಲಯಕ್ಕೆ ಹೋಗುವವರು ದಾರಿಯಲ್ಲಿ ದುಡ್ಡು ಖರ್ಚು ಮಾಡದೆ ಮಠದ ಪ್ರಸಾದದ ಹೊತ್ತಿಗೆ ತಲುಪುವಂತೆ ಹೊರಟರೆ ಊಟದ ಚಿಂತೆಯೇ ಇರುವುದಿಲ್ಲ.

ತಡರಾತ್ರಿ ರೈಲಿಳಿದವರು ತಟ್ಟೆ ಊಟವನ್ನು ಹುಡುಕಿಕೊಂಡು ಹೋಗಬಾರದು, ಆ ಹೊತ್ತಿಗೆ ಉಳಿದಿರುವುದು ಮಧ್ಯಾಹ್ನದ್ದೇ. ಕೇಳಿದ ಮೇಲೆ ತವೆಗೆ ಬೀಳುವ ದೋಸೆ ಅಥವಾ ಆಮ್ಲೆಟ್, ಚಟ್ನಿ ಇಲ್ಲದೆ, ಜೊತೆಗೆ ತಾವೇ ಸುಲಿದ ಎರಡು ಬಾಳೆಹಣ್ಣು ಬೆಳಗಿನವರೆಗೆ ಸಾಕಾಗುತ್ತವೆ.